ಬಿಂಕಿಯ ಹಗ್ಗ ಹಿಡಿದವರು

6 ಫೆಬ್ರವರಿ

ರೀ,

ಲಾರಿ ಹೊರಟ ದಿನ ನಾನು ಕಿಟಕಿಯಲ್ಲಿ ಕೂತು ಕೈ ಬೀಸಿದ್ದು ನಿಮಗಲ್ಲ, ಬಿಂಕಿಗೆ. ಹಿಂದಿನ ಕಂಡಿಯಲ್ಲಿ ಅವಳ ಮೂತಿ ಕಾಣುತ್ತಿತ್ತು. ನೀವು ಖುಷಿಯಲ್ಲಿ ಎರಡು ಸಲ ಹಾರ್ನ್ ಹೊಡೆದಿರಿ. ಅವಳು ಬೆಚ್ಚಿ ತಲೆ ಒಳಗೆಳೆದುಕೊಂಡಳು. ಕುದುರೆ ಒಳಗಿರುವಾಗ ಹಾರ್ನ್ ಬೇಡ ಅಂತ ಇಷ್ಟು ವರ್ಷ ಹಲಗೆ ಕುಟ್ಟಿ ಕುಟ್ಟಿ ಹೇಳಿದ್ದು ಗಾಳಿಗೆ ಹೋಯಿತು.

ನನ್ನ ಕಾಲು ಮಂಚದ ಮೇಲೆ ಕಂಬದ ಹಾಗೆ ಬಿದ್ದಿದೆ. ಪ್ಲಾಸ್ಟರ್ ಒಳಗೆ ತುರಿಸಿದರೆ ಅತ್ತೆಯ ಹೆಣಿಗೆ ಕಡ್ಡಿಯೇ ಗತಿ. ಅತ್ತೆ ಚೆನ್ನಾಗಿದ್ದಾರೆ, ಅವರ ಬಾಯಿ ಇನ್ನೂ ಚೆನ್ನಾಗಿದೆ. ಕುದುರೆ ಕಂಡರೆ ಕಾಲು ನೋವು ಅನ್ನುವವರನ್ನು ನೋಡಿದ್ದರಂತೆ, ಕುದುರೆ ಕಾಣದೆ ಕಾಲು ನೋವು ಅನ್ನುವ ಸೊಸೆಯನ್ನು ಈಗಲೇ ನೋಡುತ್ತಿರುವುದಂತೆ.

ಒಂಬತ್ತು ವರ್ಷ ನೀವು ಸ್ಟೀರಿಂಗ್ ಹಿಡಿದಿರಿ, ನಾನು ಬಿಂಕಿಯ ಹಗ್ಗ ಹಿಡಿದೆ. ಒಂದೇ ಲಾರಿ, ನಡುವೆ ಒಂದು ಹಲಗೆ. ಆ ದರಿದ್ರ ಮರಿಗುದುರೆಯ ಒಂದೇ ಒದೆತಕ್ಕೆ ನನ್ನ ಕಾಲು ಮುರಿದು ಎರಡೂ ನಿಮ್ಮ ಕೈ ಸೇರಿತು. ಕಾಲು ಸರಿಹೋಗುವವರೆಗೆ ನಿನ್ನ ಗಂಡನೇ ನೋಡಿಕೊಳ್ಳಲಿ ಅಂತ ಯಜಮಾನಿ ಹೇಳಿದರಲ್ಲ, ಆ ‘ವರೆಗೆ’ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೇನೆ. ನೀವೂ ಮರೆಯಬೇಡಿ.

ಲಾಯದ ಆಫೀಸಿನ ಫೋನಿನಲ್ಲಿ ಮಾತಾಡೋಣ ಅಂದರೆ ಮ್ಯಾನೇಜರ್ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಾನೆ. ಅದಕ್ಕೇ ಕಾಗದ. ಈಗ ಕೇಳಿಸಿಕೊಳ್ಳಿ. ಹಿಂದಿನಿಂದ ಹೋಗಬೇಡಿ. ಮುಟ್ಟುವ ಮೊದಲು ಮಾತಾಡಿ, ಏನಾದರೂ ಸರಿ, ನಿಮ್ಮ ಲಾರಿಯ ಟೈರಿನ ಸುದ್ದಿಯಾದರೂ ಸರಿ. ಮುಖ ನೋಡಿ ಮೋಸ ಹೋಗಬೇಡಿ, ಕಿವಿ ನೋಡಿ. ಕಿವಿ ಹಿಂದಕ್ಕೆ ಮಲಗಿತೋ, ನೀವು ಪಕ್ಕಕ್ಕೆ. ಗೊರಸು ಕೆರೆಯುವಾಗ ಎಡ ಮುಂಗಾಲಿನಿಂದ ಶುರು ಮಾಡಬೇಕು, ಬೇರೆ ಕಾಲು ಹಿಡಿದರೆ ಕೊಡುವುದಿಲ್ಲ. ಪ್ರಯಾಣಕ್ಕೆ ಮೊದಲು ಕಾಲಿಗೆ ಪಟ್ಟಿ ಸುತ್ತುವಾಗ ಪಟ್ಟಿಯೊಳಗೆ ಒಂದು ಬೆರಳು ತೂರಬೇಕು, ಎರಡು ತೂರಿದರೆ ಸಡಿಲ. ಬೆನ್ನ ಮೇಲೆ ಕೂತು ಬೇಲಿ ಹಾರಿಸುವ ಯಜಮಾನಿಗೆ ಎರಡು ನಿಮಿಷದ ಕೆಲಸ. ಉಳಿದ ದಿನವೆಲ್ಲ ನಮ್ಮದು.

ನಮ್ಮದು ಅಂತ ಬರೆದೆ. ನನ್ನದು ಅಂತ ಓದಿಕೊಳ್ಳಿ.

ನಿಮ್ಮ
ಕುಂಟಿ

---

17 ಫೆಬ್ರವರಿ

ಗುರುಗಳ ಪಾದಗಳಿಗೆ, ಮುರಿದದ್ದಕ್ಕೆ ಒಂದು ಹೆಚ್ಚಾಗಿ, ನಮಸ್ಕಾರ.

ನಾನು ಜೀವಂತವಾಗಿದ್ದೇನೆ. ನನ್ನ ಟೋಪಿ ಇಲ್ಲ. ಎರಡನೇ ದಿನವೇ ನಿನ್ನ ಸವತಿ ಅದರ ಮುಂಭಾಗ ತಿಂದು, ಉಳಿದದ್ದನ್ನು ನೆಲಕ್ಕೆ ಹಾಕಿ, ಅದರ ಮೇಲೆ ನಿಂತಳು. ಮೂರನೇ ದಿನ ನನ್ನ ಕಾಲಿನ ಮೇಲೆ ನಿಂತಳು. ಯಾಕಮ್ಮಾ ತಾಯಿ, ಮನೆಯಲ್ಲಿ ಒಬ್ಬಳು ಕಾಲು ಮುರಿದುಕೊಂಡು ಕೂತಿರುವುದು ಸಾಲದೇ ಅಂತ ಕೇಳಿದೆ. ತಲೆ ಆ ಕಡೆ ತಿರುಗಿಸಿದಳು. ಬಿಂಕಿ ಅಂತ ಹೆಸರಿಟ್ಟವಳಿಗೆ ಒಂದು ದೊಡ್ಡ ನಮಸ್ಕಾರ, ಮೈತುಂಬಾ ಬಿಂಕವೇ.

ಒಳಗೆ ಕೂತು ಲಾರಿ ಓಡಿಸುವಾಗ ಹಿಂದಿನಿಂದ ಬರುತ್ತಿದ್ದ ಸದ್ದೆಲ್ಲ ನನಗೆ ಒಂದೇ ಆಗಿತ್ತು. ಈಗ ಒಂದೊಂದಕ್ಕೂ ಅರ್ಥ ಇದೆ ಅಂತ ಗೊತ್ತಾಗುತ್ತಿದೆ. ಹಲಗೆಗೆ ಒಂದು ಸಲ ಒದ್ದರೆ ಹುಲ್ಲು ಮುಗಿದಿದೆ. ಬಿಡದೆ ಒದ್ದರೆ ನಾನು ತಿರುವಿನಲ್ಲಿ ಜೋರಾಗಿ ಹೋಗಿದ್ದೇನೆ. ಒಬ್ಬನೇ ಇರುವುದರಿಂದ ಊಟಕ್ಕೆ ನಿಲ್ಲಿಸಿದಲ್ಲೆಲ್ಲ ಅವಳ ಜೊತೆ ಮಾತಾಡುತ್ತೇನೆ. ಹೋಟೆಲಿನವರು ನನಗೆ ತಲೆ ಕೆಟ್ಟಿದೆ ಅಂದುಕೊಂಡು ಬೇಗ ಬೇಗ ಊಟ ಕೊಡುತ್ತಾರೆ, ಅದೊಂದು ಲಾಭ.

ನೀನು ಕೊರಗಬಾರದು ಅಂತ ಒಂದು ಮಾತು ಹೇಳುತ್ತೇನೆ. ಬಿಂಕಿ ನಿನ್ನನ್ನು ಹುಡುಕುತ್ತಿಲ್ಲ. ಮೊದಲನೇ ದಿನದಿಂದಲೇ ಹೊಟ್ಟೆತುಂಬಾ ತಿಂದು ಆರಾಮಾಗಿದ್ದಾಳೆ. ಹಾಗಾಗಿ ಅವಳ ಚಿಂತೆ ಬಿಡು, ಕಾಲು ನೋಡಿಕೋ. ಅಮ್ಮನಿಗೆ ಹೆಣಿಗೆ ಕಡ್ಡಿ ಹೊಸದು ತಂದುಕೊಡುತ್ತೇನೆ ಅಂತ ಹೇಳು.

ಇಂತಿ ನಿನ್ನ ಶಿಷ್ಯ

---

27 ಫೆಬ್ರವರಿ

ರೀ,

ಬಿಂಕಿ ನನ್ನನ್ನು ಹುಡುಕುತ್ತಿಲ್ಲ ಅಂತ ತಿಳಿದು ಬಹಳ ಸಂತೋಷವಾಯಿತು. ಅತ್ತೆಗೂ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದದ್ದು ನನ್ನ ನೆನಪಿನಲ್ಲಿ ಇದೇ ಮೊದಲು.

ಬಿಂಕಿಯನ್ನು ಹೆತ್ತ ದಿನವೇ ಅದರ ತಾಯಿ ಸತ್ತಾಗ ಒಣಹುಲ್ಲಿನ ಮೇಲೆ ಅದರ ಪಕ್ಕ ಕೂತು ಬಾಟಲಿಯಲ್ಲಿ ಹಾಲು ಕುಡಿಸಿದವಳು ನಾನು. ನಮಗೆ ಮದುವೆಯಾಗಿ ಇನ್ನೂ ವರ್ಷವೂ ಆಗಿರಲಿಲ್ಲ. ಮನೆಗೆ ಯಾವಾಗ ಬರುತ್ತೀಯ ಅಂತ ನೀವು ಲಾಯದ ಬಾಗಿಲಿಗೆ ಬಂದು ನಿಂತರೆ ಶಬ್ದ ಮಾಡಬೇಡಿ ಅಂತ ಗದರಿ ಕಳಿಸುತ್ತಿದ್ದೆ. ಅಷ್ಟೆಲ್ಲ ಮಾಡಿದ್ದಕ್ಕೆ ಮೊದಲನೇ ದಿನದಿಂದಲೇ ಹೊಟ್ಟೆತುಂಬಾ ಊಟ! ಹೋಗಲಿ ಬಿಡಿ. ಪ್ರಾಣಿ.

ಅವಳನ್ನು ನನ್ನ ಸವತಿ ಅಂತ ಇನ್ನೊಮ್ಮೆ ಬರೆಯಬೇಡಿ. ನಿಮ್ಮ ಮೇಲಿನ ಆಸೆಗೆ ಕುದುರೆಯ ಜೊತೆ ಜಗಳಕ್ಕೆ ನಿಲ್ಲುವವಳಲ್ಲ ನಾನು.

ಸ್ಪರ್ಧೆಯ ದಿನ ಕತ್ತಿನ ಕೂದಲು ಹೆಣೆಯಬೇಕು. ಒದ್ದೆ ಮಾಡಿಕೊಂಡು, ಸಮನಾಗಿ ಭಾಗ ಮಾಡಿ, ಕಿವಿಯ ಕಡೆಯಿಂದ ಕೆಳಗೆ ಬನ್ನಿ. ಜಡೆ ಕೊನೆಯಲ್ಲಿ ದಾರ ಹಾಕಿ ಒಳಕ್ಕೆ ಮಡಚಿ ಹೊಲಿಯಬೇಕು. ನಿಮ್ಮ ದಪ್ಪ ಬೆರಳಿಗೆ ಆಗುವ ಕೆಲಸವಲ್ಲ. ಆಗದಿದ್ದರೆ ಹಾಗೇ ಬಿಡಿ, ಯಜಮಾನಿಗೆ ನನ್ನ ನೆನಪಾದರೂ ಆಗುತ್ತದೆ.

ಇನ್ನೊಂದು. ಅವಳು ನಿಮ್ಮ ಹೆಗಲ ಮೇಲೆ ಗಲ್ಲ ಇಡುತ್ತಾಳಾ? ಇಡಲು ಬಿಡಬೇಡಿ. ಭಾರಕ್ಕೆ ನಿಮ್ಮ ಕುತ್ತಿಗೆ ಹಿಡಿದುಕೊಂಡೀತು.

---

2 ಏಪ್ರಿಲ್

ಗುರುಗಳೇ,

ಕಾಗದ ಬರೆದು ತಿಂಗಳ ಮೇಲಾಯಿತು, ಬೈಯಬೇಡ. ಊರೂರು ತಿರುಗಿ ಕೈಗೆ ಬಿಡುವೇ ಇಲ್ಲ. ಇಳಿಸು, ಉಜ್ಜು, ನಡೆಸು, ತಿನ್ನಿಸು, ಮತ್ತೆ ಹತ್ತಿಸು. ಬೆಳಗ್ಗೆ ಎದ್ದರೆ ಯಾವ ಊರಿನಲ್ಲಿದ್ದೇನೆ ಅಂತ ತಿಳಿಯಲು ಒಂದು ಗಳಿಗೆ ಬೇಕು. ಬಿಂಕಿ ಎಲ್ಲಿದ್ದಾಳೆ ಅನ್ನುವುದು ಮಾತ್ರ ಕಣ್ಣು ಬಿಡುವ ಮೊದಲೇ ಗೊತ್ತಿರುತ್ತದೆ.

ಸುದ್ದಿ ಕೇಳು. ಹೋದ ವಾರ ಎರಡನೇ ಬಹುಮಾನ ಬಂತು. ಹಾರುವಾಗ ಬೇಲಿಯ ಒಂದು ಕೋಲೂ ಬೀಳಿಸಲಿಲ್ಲ. ಅದಕ್ಕಿಂತ ದೊಡ್ಡದು, ಯಜಮಾನಿ ಜಡೆ ನೋಡಿ ಯಾರು ಹೆಣೆದದ್ದು ಅಂತ ಕೇಳಿದರು. ನನ್ನ ದಪ್ಪ ಬೆರಳು ತೋರಿಸಿದೆ. ನಂಬಲಿಲ್ಲ. ಇನ್ನೊಂದು ಹೆಣೆದು ತೋರಿಸಿದೆ. ಗುರುವಿಗೇ ತಿರುಮಂತ್ರ ಹಾಕುತ್ತಾನೆ ಅನ್ನಬೇಡ, ಎಲ್ಲ ನೀನು ಬರೆದುಕೊಟ್ಟದ್ದೇ.

ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಒಂದೇ ಹಲಗೆಯ ಆಚೆ ಇಂಥದ್ದೆಲ್ಲ ನಡೆಯುತ್ತಿತ್ತು, ನಾನು ಮಾತ್ರ ರಸ್ತೆ ನೋಡಿಕೊಂಡು ಕೂತಿದ್ದೆನಲ್ಲಾ ಅನ್ನಿಸುತ್ತದೆ. ಮೊನ್ನೆ ಮಧ್ಯಾಹ್ನ ಅವಳ ಕೋಣೆಯ ಮೂಲೆಯಲ್ಲಿ ಕೂತು ಪಟ್ಟಿ ಸುತ್ತುತ್ತಿದ್ದೆ. ಅವಳು ನೆಲ ಮೂಸಿದಳು, ಒಂದು ಸುತ್ತು ತಿರುಗಿದಳು, ಮುಂಗಾಲು ಮಡಿಸಿ ಧೊಪ್ಪಂತ ಮಲಗಿಬಿಟ್ಟಳು. ನನಗೆ ಜೀವವೇ ಹೋಯಿತು, ಹೊಟ್ಟೆನೋವೇ ಇರಬೇಕು ಅಂತ ಡಾಕ್ಟರನ್ನು ಕರೆಯಲು ಎದ್ದೆ. ಯಜಮಾನಿ ಬಾಗಿಲಲ್ಲೇ ನಿಂತಿದ್ದರು, ಬಾಯಿಯ ಮೇಲೆ ಬೆರಳಿಟ್ಟರು. ಹೊರ ಊರಿನಲ್ಲಿ ಬಿಂಕಿ ನಿಂತೇ ನಿದ್ದೆ ಮಾಡುವುದಂತೆ, ನಂಬಿದವರು ಪಕ್ಕದಲ್ಲಿದ್ದರೆ ಮಾತ್ರ ಹೀಗೆ ಮೈ ಚೆಲ್ಲಿ ಮಲಗುವುದಂತೆ. ಮತ್ತೆ ಕೂತೆ, ಅವಳ ತಲೆ ನನ್ನ ಕಾಲಿನ ಮೇಲೆ ಬಂತು. ಕಾಲು ಜೋಮು ಹಿಡಿದು ಸತ್ತೇಹೋಯಿತು, ಆದರೂ ಅಲ್ಲಾಡಲಿಲ್ಲ. ನಿನ್ನ ಹತ್ತಿರವೂ ಹೀಗೆ ಮಲಗುತ್ತಿದ್ದಳಾ? ನೀನು ಒಂದು ದಿನವೂ ಹೇಳಲಿಲ್ಲವಲ್ಲ!

ನನ್ನ ಮೇಲೆ ಅಷ್ಟೇನೂ ಆಸೆ ಇಲ್ಲ ಅಂತ ಬರೆದಿದ್ದೀಯ. ಓದಿ ನಕ್ಕೆ. ಗಂಡ ಕಣ್ಣೆದುರಿಗಿಲ್ಲದಿದ್ದರೆ ಹೆಂಡತಿಗೆ ಸಿಟ್ಟು ಬರುತ್ತದೆ ಅಂತ ಹೋಟೆಲಿನವನೂ ಹೇಳಿದ.

ಮೇ ತಿಂಗಳ ನಡುವೆ ಸಮುದ್ರದ ದಡದ ಮೈದಾನಕ್ಕೆ ಹೋಗುತ್ತೇವೆ. ನನಗೆ ದಾರಿ ಗೊತ್ತು, ಅಷ್ಟೇ. ಅಲ್ಲಿ ಬಿಂಕಿಯ ವಿಷಯದಲ್ಲಿ ವಿಶೇಷವಾಗಿ ನೋಡಿಕೊಳ್ಳಬೇಕಾದ್ದು ಏನಾದರೂ ಇದ್ದರೆ ಬರೆ. ಬಹುಮಾನದ ದೊಡ್ಡ ಸ್ಪರ್ಧೆ ಅದೇ ಅಲ್ಲವೇ.

ಶಿಷ್ಯ

---

14 ಏಪ್ರಿಲ್

ರೀ,

ಹೌದು, ಹೊಟ್ಟೆ ಉರಿಯುತ್ತಿದೆ. ಹೋಟೆಲಿನವನಿಗೆ ಹೇಳಿ, ಅವನಿಗೆ ಏನೂ ಗೊತ್ತಿಲ್ಲ ಅಂತ. ಗಂಡ ದೂರ ಇದ್ದಾನೆ ಅಂತ ಉರಿಯುತ್ತಿಲ್ಲ. ಗಂಡ ನನ್ನ ಜಾಗದಲ್ಲಿ ಕೂತಿದ್ದಾನೆ ಅಂತ ಉರಿಯುತ್ತಿದೆ. ನನಗೆ ಹೊಟ್ಟೆಕಿಚ್ಚು ಬಿಂಕಿಯ ಮೇಲಲ್ಲ, ನಿಮ್ಮ ಮೇಲೆ. ಇನ್ನೂ ಎಷ್ಟು ಬಿಡಿಸಿ ಹೇಳಲಿ?

ಹೊರ ಊರಿನಲ್ಲಿ ಅವಳು ನನ್ನ ಪಕ್ಕ ಮೊದಲ ಸಲ ಮಲಗಲು ಎರಡು ವರ್ಷ ಬೇಕಾಯಿತು. ಎರಡು ವರ್ಷ! ಅದನ್ನು ನಿಮಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಎಲ್ಲವನ್ನೂ ಊರಿಗೆ ಹೇಳಿಕೊಂಡು ತಿರುಗುವ ಜಾಯಮಾನ ನನ್ನದಲ್ಲ. ನೀವು ಎರಡೇ ತಿಂಗಳಲ್ಲಿ ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿರಿ. ಅದೂ ನಾನು ಕಲಿಸಿದ ಮಾತು, ನಾನು ಕಲಿಸಿದ ಮುಟ್ಟುವ ರೀತಿ, ನಾನು ಕಲಿಸಿದ ಜಡೆ ಇಟ್ಟುಕೊಂಡು. ನಾನೇ ಕಾಗದದಲ್ಲಿ ಮಡಚಿ ಮಡಚಿ ಅವಳನ್ನು ನಿಮಗೆ ಕಳಿಸಿದ ಹಾಗಾಯಿತು.

ನಿನ್ನೆ ಊರುಗೋಲು ಊರಿಕೊಂಡು ಲಾಯಕ್ಕೆ ಹೋಗಿದ್ದೆ. ಬಿಂಕಿಯ ಕೋಣೆಯಲ್ಲಿ ಹುಲ್ಲಿನ ಕಟ್ಟು ಪೇರಿಸಿದ್ದಾರೆ. ನನ್ನ ಬ್ರಷ್ಷು ಇಡುತ್ತಿದ್ದ ಗೂಡಿನಲ್ಲಿ ಯಾರದೋ ಟೀ ಲೋಟ. ಮ್ಯಾನೇಜರ್ ಎದುರಾದ, ನಿನ್ನ ಗಂಡ ಇಷ್ಟು ವರ್ಷ ಎಲ್ಲಿ ಅಡಗಿದ್ದನಮ್ಮಾ, ಯಜಮಾನಿ ಬಾಯಿ ತೆರೆದರೆ ಅವನದೇ ಮಾತು ಅಂದ. ನಗುತ್ತಾ ಕೇಳಿಸಿಕೊಂಡೆ. ಮನೆಗೆ ಬಂದು ಅತ್ತೆಯ ಮೇಲೆ ರೇಗಿದೆ. ಪಾಪ, ಅವರು ನೀರು ಬೇಕಾ ಅಂತ ಕೇಳಿದ್ದರು, ಅಷ್ಟೇ.

ಕಾಲಿನ ಪ್ಲಾಸ್ಟರ್ ಜೂನ್ ಮೊದಲ ವಾರ ಬಿಚ್ಚುತ್ತಾರೆ. ಅಲ್ಲಿಯವರೆಗೆ ಹಗ್ಗ ಹಿಡಿದುಕೊಂಡಿರಿ. ನಿಮ್ಮದು ಅಂದುಕೊಳ್ಳಬೇಡಿ.

ಸಮುದ್ರದ ದಡದ ಮೈದಾನದ ಬಗ್ಗೆ ಕೇಳಿದ್ದೀರಿ. ಮರಳು ಹಗುರ, ಗೊರಸಿನ ನಡುವೆ ಸೇರಿಕೊಳ್ಳುತ್ತದೆ, ದಿನಕ್ಕೆರಡು ಸಲ ಕೆರೆಯಿರಿ. ಗಾಳಿಗೆ ಬಾವುಟಗಳು ಪಟಪಟ ಅನ್ನುತ್ತವೆ, ಅವಳನ್ನು ಮೊದಲ ದಿನವೇ ಅವುಗಳ ಕೆಳಗೆ ಅಡ್ಡಾಡಿಸಿ ರೂಢಿ ಮಾಡಿಸಿ. ಹಕ್ಕಿಗಳಿಗೆ ಹೆದರುವುದಿಲ್ಲ. ಕಾಲಿಗೆ ಉಪ್ಪುನೀರು ತಾಗಿದರೆ ತೊಳೆದು ಒರೆಸಿ. ಬಿಸಿಲಿಗೆ ಮೂತಿಯ ಬಿಳಿ ಜಾಗ ಸುಡುತ್ತದೆ, ಮುಲಾಮು ಹಚ್ಚಿ.

ಇನ್ನೇನೂ ಇಲ್ಲ. ಉಳಿದದ್ದೆಲ್ಲ ನಿಮಗೇ ಗೊತ್ತಲ್ಲ.

---

17 ಮೇ, ತುರ್ತು ಅಂಚೆ

ಇಲ್ಲಿಗೆ ಬಂದು ಎರಡನೇ ದಿನ. ಬಿಂಕಿ ನೀರು ಮುಟ್ಟುತ್ತಿಲ್ಲ.

ಬಕೆಟ್ಟಿಗೆ ಮೂತಿ ತರುತ್ತಾಳೆ, ಮೂಸುತ್ತಾಳೆ, ತುಟಿ ಮೇಲೆತ್ತಿ ಹಿಂದೆ ಸರಿಯುತ್ತಾಳೆ. ನಾನೂ ಕುಡಿದು ನೋಡಿದೆ. ಸ್ವಲ್ಪ ಒಗರು, ಸ್ವಲ್ಪ ಉಪ್ಪು, ಬೇರೆ ಕುದುರೆಗಳು ಕುಡಿಯುತ್ತಿವೆ. ಬಕೆಟ್ ಬದಲಾಯಿಸಿದೆ. ಕೈಯಲ್ಲಿ ಹಿಡಿದು ಕೊಟ್ಟೆ. ಹುಲ್ಲು ನೆನೆಸಿ ಕೊಟ್ಟೆ, ಅದನ್ನೂ ಬಿಟ್ಟಳು. ಬಿಸಿಲು ವಿಪರೀತ. ಕತ್ತಿನ ಚರ್ಮ ಎಳೆದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿದೆ. ಲದ್ದಿ ಬೆಳಗಿನಿಂದ ಇಲ್ಲ. ಹೊಟ್ಟೆ ಕಟ್ಟಿಕೊಂಡರೆ ಉಳಿಯುವುದು ಕಷ್ಟ ಅಂತ ಕುದುರೆ ಡಾಕ್ಟರು ನನ್ನ ಮುಖ ನೋಡದೆ ಹೇಳಿದರು.

ನೀನು ಬರೆದದ್ದನ್ನೆಲ್ಲ ಮಾಡಿದ್ದೇನೆ. ಗೊರಸು, ಬಾವುಟ, ಮುಲಾಮು, ಎಲ್ಲ. ಕಾಗದ ಮತ್ತೆ ಮತ್ತೆ ಓದಿದೆ. ಏನು ಬಿಟ್ಟೆ? ಲಾಯದ ಆಫೀಸಿಗೆ ಫೋನ್ ಮಾಡಿದೆ, ಯಾರೂ ಎತ್ತುತ್ತಿಲ್ಲ. ನನ್ನಿಂದ ಏನೋ ತಪ್ಪಾಗಿದೆ, ಏನು ಅಂತ ತಿಳಿಯುತ್ತಿಲ್ಲ. ತಂತಿ ಕೊಡು.

---

19 ಮೇ

ರೀ,

ನಿಮ್ಮ ಕಾಗದ ಈಗ ಕೈ ಸೇರಿತು. ತಂತಿ ಕೊಟ್ಟೆ. ಅಂಚೆ ಕಚೇರಿಯ ಬೆಂಚಿನ ಮೇಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಪಕ್ಕದಲ್ಲಿದ್ದಾರೆ, ಅವರಿಗೆ ಎಲ್ಲ ಹೇಳಿದ್ದೇನೆ. ಬಿಂಕಿ ಇದ್ದಾಳೋ ಇಲ್ಲವೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ನಿಮ್ಮಿಂದ ಏನೂ ತಪ್ಪಾಗಿಲ್ಲ. ನಾನು ಬರೆಯಲಿಲ್ಲ.

ಆ ಮೈದಾನದ ನೀರನ್ನು ಬಿಂಕಿ ಯಾವ ವರ್ಷವೂ ಹಾಗೇ ಕುಡಿದದ್ದಿಲ್ಲ. ಹೊರಡುವ ನಾಲ್ಕು ದಿನ ಮೊದಲೇ ನಮ್ಮ ಸಿಹಿನೀರಿನಲ್ಲಿ ಪುದೀನ ಜಜ್ಜಿ ಹಾಕಿ ಆ ವಾಸನೆಗೆ ರೂಢಿ ಮಾಡಿಸಬೇಕು. ಅಲ್ಲಿ ಹೋದ ಮೇಲೂ ಅದನ್ನೇ ಹಾಕಿದರೆ ಊರು ಬದಲಾಗಿದೆ ಅಂತ ಅವಳ ಮೂಗಿಗೆ ಗೊತ್ತಾಗುವುದಿಲ್ಲ. ಇದನ್ನು ಯಾರೂ ನನಗೆ ಕಲಿಸಲಿಲ್ಲ, ನಾನೇ ಕಂಡುಕೊಂಡದ್ದು. ಯಜಮಾನಿಗೂ ಗೊತ್ತಿಲ್ಲ. ನನ್ನ ಹತ್ತಿರ ನಿಮಗೆ ಕೊಡದೆ ಉಳಿದಿದ್ದದ್ದು ಅದೊಂದೇ. ಕೊಡಲು ಮನಸ್ಸು ಬರಲಿಲ್ಲ.

ಮರೆತೆ ಅಂತ ಬರೆಯಬಹುದಿತ್ತು. ಮರೆತಿರಲಿಲ್ಲ. ಮರಳು, ಗಾಳಿ, ಹಕ್ಕಿ ಅಂತ ಒಂದೊಂದೇ ಬರೆಯುವಾಗ ನೀರಿನ ಮಾತು ಪೆನ್ನಿನ ತುದಿಯಲ್ಲಿತ್ತು, ದಾಟಿ ಹೋದೆ. ಒಂದು ಹೊತ್ತು ಕುಡಿಯದೆ ನಿಲ್ಲುತ್ತಾಳೆ, ನೀವು ಗಾಬರಿಯಾಗುತ್ತೀರಿ, ಇವನ ಕೈಲಾಗುವುದಿಲ್ಲ ಅವಳನ್ನೇ ಕರೆಸಿ ಅಂತ ಯಜಮಾನಿ ಅನ್ನುತ್ತಾರೆ. ಅಷ್ಟೇ ಲೆಕ್ಕ ಹಾಕಿದ್ದು. ಅವಳ ಹಟ ನನಗೆ ಗೊತ್ತಿತ್ತು, ಈ ಬಿಸಿಲೂ ಗೊತ್ತಿತ್ತು. ನಿಮ್ಮ ಮೇಲಿನ ಉರಿಯಲ್ಲಿ ಅವಳ ಬಾಯಾರಿಕೆ ನನಗೆ ಕಾಣಲೇ ಇಲ್ಲ.

ಬಾಟಲಿಯಲ್ಲಿ ಹಾಲು ಕುಡಿಸಿದ ಕೈ ಇದು ರೀ. ಈ ಕೈಯಿಂದಲೇ ನೀರು ತಪ್ಪಿಸಿದೆ.

ಇದ್ದಾಳೆ ಅಂತ ಒಂದು ಮಾತು ತಿಳಿಸಿ. ಬೈಗುಳ ಆಮೇಲೆ ಬರಲಿ.

---

20 ಮೇ

ಇವಳೇ,

ಇದ್ದಾಳೆ. ಮೊದಲು ಅದನ್ನು ಓದಿ ಉಸಿರು ಬಿಡು. ಇದ್ದಾಳೆ, ಕುಡಿಯುತ್ತಿದ್ದಾಳೆ, ಇವತ್ತು ಬೆಳಗ್ಗೆ ನನ್ನ ಹೊಸ ಟೋಪಿಗೂ ಬಾಯಿ ಹಾಕಿದಳು.

ನಿನ್ನ ತಂತಿ ನಿನ್ನೆ ಸಂಜೆ ಬಂತು. ಅದಕ್ಕೆ ಮೊದಲೇ ಕುಡಿದಿದ್ದಳು. ನಿನಗೆ ಕಾಗದ ಹಾಕಿದ ದಿನವೇ ಡಾಕ್ಟರು ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆಗೆ ನೀರು ಬಿಟ್ಟರು. ನಾನು ತಲೆ ಹಿಡಿದುಕೊಂಡಿದ್ದೆ, ನಡುಗುತ್ತಿದ್ದಳು. ಆಮೇಲೆ ಹೊದಿಸಲು ಏನೂ ಸಿಗದೆ ಲಾರಿಯಲ್ಲಿದ್ದ ನಿನ್ನ ಹಳೆಯ ಕೋಟು ತಂದೆ. ಹೊದಿಸಲು ಬಿಡಲಿಲ್ಲ. ಅದರ ಜೇಬಿಗೆ ಮೂತಿ ತೂರಿಸಿ ನಿಂತುಬಿಟ್ಟಳು, ಎಳೆದರೂ ಬರಲಿಲ್ಲ. ಜೇಬಿನಲ್ಲಿ ಒಣಗಿದ ಎಲೆಯ ಪುಡಿ ಇತ್ತು. ಮೂಸಿದೆ, ಪುದೀನ.

ಆಗ ಹೊಳೆಯಿತು. ಈ ದಾರಿಯಲ್ಲಿ ಪ್ರತಿ ವರ್ಷವೂ ನೀನು ಬಕೆಟ್ಟಿನ ಮೇಲೆ ಬಗ್ಗಿ ಏನೋ ಹಿಸುಕುವುದನ್ನು ಕನ್ನಡಿಯಲ್ಲಿ ನೋಡಿದ್ದೇನೆ. ಏನದು ಅಂತ ಒಮ್ಮೆಯೂ ಕೇಳಲಿಲ್ಲ. ಪ್ರಯಾಣದಲ್ಲೆಲ್ಲ ನಿನ್ನ ಕೈಯಿಂದ ಆ ವಾಸನೆ ಬರುತ್ತಿತ್ತು. ನಾನು ಅದು ನಿನ್ನದೇ ವಾಸನೆ ಅಂದುಕೊಂಡಿದ್ದೆ ಕಣೇ. ತರಕಾರಿ ಅಂಗಡಿಗೆ ಓಡಿ ಸಿಕ್ಕಷ್ಟು ತಂದೆ, ಜಜ್ಜಿ ಹಾಕಿದೆ. ಮೂಸಿದಳು, ನನ್ನನ್ನು ನೋಡಿದಳು, ಬಕೆಟ್ ತಳ ಕಾಣುವವರೆಗೆ ಕುಡಿದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಯಾರೂ ನೋಡಲಿಲ್ಲ ಅಂತ ಬರೆಯೋಣ ಅಂದರೆ ಎಲ್ಲರೂ ನೋಡಿದರು.

ನೀನು ಬೇಕಂತಲೇ ಬಿಟ್ಟದ್ದು ಅಂತ ನನಗೆ ಗೊತ್ತಾಗಿದೆ. ಬಿಸಿಲಿಗೆ ಮೂತಿಯ ಮುಲಾಮು ನೆನಪಿರುವವಳಿಗೆ ನೀರು ಮರೆತುಹೋಗುವುದಿಲ್ಲ.

ಯಜಮಾನಿ ನನ್ನನ್ನು ಕರೆಸಿ ಕೇಳಿದರು. ಇದು ನಿನ್ನ ಹೆಂಡತಿಗೆ ಗೊತ್ತಿರಲಿಲ್ಲವಾ ಅಂದರು. ಅವಳು ಬರೆದಿದ್ದಳು, ನಾನೇ ಗಮನ ಕೊಡಲಿಲ್ಲ ಅಂದೆ. “ಹೆಂಡ್ತಿ ಬರೆದದ್ದನ್ನೂ ಸರಿಯಾಗಿ ಓದದವನ ಕೈಗೆ ನಾನು ಕುದುರೆ ಕೊಡಲ್ಲ. ಕಾಲು ನೆಟ್ಟಗಾದ ತಕ್ಷಣ ಅವಳನ್ನ ಕರೆಸು, ನೀನು ಸ್ಟೀರಿಂಗ್ ಹಿಡ್ಕೋ” ಅಂದರು. ಸ್ಪರ್ಧೆಗಂತೂ ಬಿಂಕಿ ಇಳಿಯಲಿಲ್ಲ.

ಹಾಗಾಗಿ ನಿನ್ನ ಜಾಗ ನಿನಗೇ ಬಂತು. ನಿನ್ನನ್ನು ಬೈಯುವ ಬಾಯಿ ನನಗಿಲ್ಲ, ಯಾಕೆಂದರೆ ನಾನೂ ನಿನ್ನಿಂದ ಮುಚ್ಚಿಟ್ಟದ್ದಿದೆ. ನಿನ್ನ ಕಾಲು ಸರಿಹೋದ ಮೇಲೂ ಬಿಂಕಿಯನ್ನು ನಾನೇ ನೋಡಿಕೊಳ್ಳುತ್ತೇನಾ ಅಂತ ಮಾರ್ಚಿನಲ್ಲೇ ಯಜಮಾನಿ ಕೇಳಿದ್ದರು. ಆಗಲ್ಲ ಅನ್ನಬೇಕಿತ್ತು. ನೋಡೋಣ ಅಂದೆ. ಅದನ್ನು ಬರೆಯಲಾಗದೆ ಒಂದು ತಿಂಗಳು ಕಾಗದವನ್ನೇ ಬರೆಯಲಿಲ್ಲ.

ಇನ್ನೊಂದೂ ಹೇಳಿಬಿಡುತ್ತೇನೆ. ಮೊದಲ ವಾರ ಬಿಂಕಿ ಹಿಡಿ ಹುಲ್ಲೂ ಸರಿಯಾಗಿ ತಿನ್ನಲಿಲ್ಲ. ಹೆಂಗಸರ ದನಿ ಕೇಳಿದರೆ ಸಾಕು, ಬಾಗಿಲಿಗೆ ಎದೆ ಒತ್ತಿ ಕೆನೆಯುತ್ತಿದ್ದಳು, ಬಂದವಳು ನೀನಲ್ಲ ಅಂತ ಕಂಡ ಮೇಲೆ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡುತ್ತಿದ್ದಳು. ಬರೆದರೆ ನೀನು ಮುರಿದ ಕಾಲಿನಲ್ಲೇ ಎದ್ದು ಬರುತ್ತೀಯ ಅಂತ ಸುಳ್ಳು ಬರೆದೆ. ಸಮಾಧಾನ ಆಗಲಿ ಅಂತ ಬರೆದದ್ದು.

ಬೇಗ ಬಾ.

---

9 ಜೂನ್

ರೀ,

ನಿಮ್ಮ ಕಾಗದದ ಆ ಕೊನೆಯ ಭಾಗವನ್ನು ಓದಿ ಓದಿ ಮಡಿಕೆಯಲ್ಲಿ ಹರಿದಿದೆ. ಫೆಬ್ರವರಿಯಲ್ಲೇ ಬರೆದಿದ್ದರೆ ಕಾಲು ಎಳೆದುಕೊಂಡಾದರೂ ಬರುತ್ತಿದ್ದೆ, ನಿಜ. ಆದರೆ ಏಪ್ರಿಲ್‌ನಲ್ಲಿ ಆ ಕಾಗದ ಬರೆಯುವವಳಾಗುತ್ತಿರಲಿಲ್ಲ. ಅವಳು ನನ್ನನ್ನು ಕರೆದು ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ, ನಾನಿಲ್ಲಿ ಪ್ರಾಣಿ, ನಿಯತ್ತಿಲ್ಲ ಅಂತ ಶಾಪ ಹಾಕುತ್ತಾ ಕೂತಿದ್ದೇನೆ. ನಿಮ್ಮ ಸಮಾಧಾನಕ್ಕಿಷ್ಟು ಬೆಂಕಿ ಹಾಕ. ಹೀಗೆ ಬೈಯುವ ಹಕ್ಕು ನನಗಿಲ್ಲ, ಆದರೂ ಬೈಯುತ್ತೇನೆ.

ಪ್ಲಾಸ್ಟರ್ ಬಿಚ್ಚಿದರು. ಕಾಲು ಸೊರಗಿ ಬೇರೆಯವರ ಕಾಲಿನ ಹಾಗಿದೆ, ಆದರೆ ನಿಲ್ಲುತ್ತದೆ. ಯಜಮಾನಿಯ ತಂತಿಯೂ ಬಂತು, ಕೂಡಲೇ ಹೊರಡು ಅಂತ. ಪೆಟ್ಟಿಗೆ ಕಟ್ಟಿದೆ. ಅತ್ತೆ ತಂತಿಯನ್ನು ಓದಿಸಿಕೊಂಡು, “ಕೊನೆಗೂ ನೀನು ಅಂದುಕೊಂಡ ಹಾಗೇ ಆಯ್ತಲ್ಲಮ್ಮಾ” ಅಂದರು. ಬೈದು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸುಮ್ಮನೆ ಹೇಳಿದರು, ಅಡುಗೆಮನೆಗೆ ಹೋದರು.

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಅಂಚೆ ಕಚೇರಿಗೆ ಹೋದೆ, ಯಜಮಾನಿಗೆ ಫೋನ್ ಹಚ್ಚಿಸಿದೆ. ನನ್ನ ಗಂಡ ನಿಮಗೆ ಸುಳ್ಳು ಹೇಳಿದ್ದಾರೆ, ನಾನು ನೀರಿನ ವಿಷಯ ಬರೆದೇ ಇರಲಿಲ್ಲ, ಗೊತ್ತಿದ್ದೂ ಬರೆಯಲಿಲ್ಲ ಅಂದೆ. ಯಾಕೆ ಅಂತ ಕೇಳಿದರು. ಹೊಟ್ಟೆಕಿಚ್ಚು ಅಂದೆ. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಯಜಮಾನಿ ಹೇಳಿದರು, “ಹಗ್ಗ ಅವನ ಕೈಯಲ್ಲೇ ಇರಲಿ. ನೀನು ಬರೋದಾದ್ರೆ ಬಾ, ಬೇರೆ ಕುದುರೆಗಳ ಲದ್ದಿ ಎತ್ತು. ಬಿಂಕಿ ಹತ್ತಿರ ಹೋಗ್ಬೇಕಾದ್ರೆ ಅವನನ್ನ ಕೇಳ್ಕೊಂಡು ಹೋಗು.”

ನಿಮ್ಮನ್ನು ಕೇಳಬೇಕಂತೆ! ನಾನು!

ಮನೆಗೆ ಬರುವ ದಾರಿಯುದ್ದಕ್ಕೂ ಉರಿದೆ. ನಿಮ್ಮ ಮೇಲೂ ಉರಿದೆ. ನೀವು ನನಗಾಗಿ ಸುಳ್ಳು ಹೇಳಿದಿರಿ, ತಪ್ಪು ಹೊತ್ತುಕೊಂಡಿರಿ. ಅದನ್ನು ಓದಿದಾಗ ಕಣ್ಣೀರು ಬಂತು, ಹಿಂದೆಯೇ ಸಿಟ್ಟೂ ಬಂತು. ಕುದುರೆಯೂ ನಿಮ್ಮದಾಯಿತು, ಒಳ್ಳೆಯತನವೂ ನಿಮ್ಮದೇ ಆದರೆ ನನಗೇನು ಉಳಿಯಿತು? ಇಷ್ಟು ಒಳ್ಳೆಯವರಾಗಬೇಡಿ, ಪಕ್ಕದಲ್ಲಿ ಬಾಳುವವರಿಗೆ ಕಷ್ಟ.

ಆದರೂ ಬರುತ್ತೇನೆ. ಮನೆಯಲ್ಲಿ ಕೂತು ನಿಮ್ಮ ಕಾಗದದಲ್ಲಿ ಅವಳನ್ನು ನೋಡುವುದಕ್ಕಿಂತ ಅವಳ ಪಕ್ಕದ ಕೋಣೆಯ ಲದ್ದಿ ಎತ್ತುವುದು ಮೇಲು. ನೀವು ಹೇಳಿದ ಹಾಗೆ ಕೇಳುತ್ತೇನೆ. ಮೊದಲ ಕೆಲವು ದಿನ ಬಾಯಿ ತಡೆಯುವುದಿಲ್ಲ, ಸಹಿಸಿಕೊಳ್ಳಿ. ಪಟ್ಟಿ ಸಡಿಲವಾಗಿ ಸುತ್ತಿದ್ದರೆ ಮಾತ್ರ ಯಾರ ಅಪ್ಪಣೆಯನ್ನೂ ಕಾಯದೆ ಹೇಳುತ್ತೇನೆ.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಇಳಿಯುತ್ತೇನೆ, ಇಳಿದವಳೇ ನೇರ ಬಿಂಕಿಯ ಕೋಣೆಗೆ ಹೋಗುತ್ತೇನೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕಲ್ಲ, ಈ ಕಾಗದದಲ್ಲೇ ಕೇಳುತ್ತಿದ್ದೇನೆ. ಇನ್ನೊಂದು ಬೇಡಿಕೆ ಇದೆ, ಇಲ್ಲ ಅನ್ನಬೇಡಿ. ಆ ಹೊತ್ತಿಗೆ ನೀವು ಅಲ್ಲಿರಬೇಡಿ. ಲಾರಿ ತೊಳೆಯಲು ಹೋಗಿ, ಟೀ ಕುಡಿಯಲು ಹೋಗಿ, ಎಲ್ಲಿಗಾದರೂ ಹೋಗಿ. ಇಬ್ಬರೂ ಒಟ್ಟಿಗೆ ಎದುರಿಗಿದ್ದರೆ ಅವಳು ಮೊದಲು ಯಾರ ಕಡೆ ತಿರುಗುತ್ತಾಳೆ ಅನ್ನುವುದನ್ನು ನೋಡುವ ಧೈರ್ಯ ನನಗಿಲ್ಲ.